ಎರಡು ಸಲ ಎಣಿಸಬೇಕಾದ ಹಸುಗೂಸುಗಳು

ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿಯ ಪ್ರಕಾರ, 1937ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 162 ಮಕ್ಕಳು ಮೊದಲ ವರ್ಷ ದಾಟಲಿಲ್ಲ. ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರು. ಜಂಗಮಕೋಟೆಯ ಸುತ್ತ ಎರಡು ಸಾವಿರ ಜನರ ಒಂದು ಊರು, ಅಲ್ಲಿ ವರ್ಷಕ್ಕೆ 80 ಹೆರಿಗೆ ಎಂದಿಟ್ಟುಕೊಳ್ಳಿ. ಅದೇ ದರದಲ್ಲಿ ಸಾಯುವ ಕೂಸುಗಳು 13, ಬಾಣಂತಿಯರು ಒಬ್ಬರೋ ಇಬ್ಬರೋ. ಒಂದು ವರ್ಷ ಯಾರೂ ಸಾಯದಿರಬಹುದು, ಮರುವರ್ಷ ಮೂವರು ಹೋಗಬಹುದು. ಒಂದೂರಿನ ಒಂದು ವರ್ಷದ ಲೆಕ್ಕ ಹಿಡಿದು ಸೂಲಗಿತ್ತಿಯನ್ನು ಹೊಗಳಲೂ ಆಗದು, ದೂರಲೂ ಆಗದು.

ಇದಕ್ಕಿಂತ ದೊಡ್ಡ ತೊಡಕು, ಜನನ-ಮರಣದ ನೋಂದಣಿ ಪುಸ್ತಕಕ್ಕೆ ಏರದೇ ಹೋದ ಸಾವುಗಳದು. ಚೊಚ್ಚಲ ಹೆರಿಗೆ ತವರಿನಲ್ಲಿ. ಹತ್ತಿರದ ವಿಜಯಪುರಕ್ಕೆ ಕೊಟ್ಟ ಮಗಳು ಜಂಗಮಕೋಟೆಗೆ ಬಂದು ಹೆತ್ತರೆ, ಗಂಡನ ಊರು ಆಗಿನ ಬೆಂಗಳೂರು ಜಿಲ್ಲೆ, ತವರು ಆಗಿನ ಕೋಲಾರ ಜಿಲ್ಲೆ. ಕೂಸು ತೀರಿಕೊಂಡರೆ ಬರೆಸುವವರು ಯಾರು? ಹೆಸರಿಡುವ ಮುಂಚೆಯೇ ಹೋದ ಕೂಸಂತೂ ಹುಟ್ಟಿತೆಂದೂ ಬರೆಯಿಸಿಕೊಳ್ಳದೆ, ಸತ್ತಿತೆಂದೂ ಬರೆಯಿಸಿಕೊಳ್ಳದೆ ಮರೆಯಾಗುತ್ತಿತ್ತು. ಕೊಳಕು ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದಾಗ ತಗಲುವ ಧನುರ್ವಾಯು ಕೂಸನ್ನು ಕೊಲ್ಲುವುದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ. ಅಂದರೆ, ಒಂದು ಶುಚಿಯಾದ ಬ್ಲೇಡಿನಿಂದ ತಪ್ಪಿಸಬಹುದಾಗಿದ್ದ ಸಾವುಗಳೇ ಲೆಕ್ಕದಿಂದ ಹೆಚ್ಚು ಜಾರಿಕೊಳ್ಳುತ್ತಿದ್ದವು. ನನಗೆ ಇದು ಬರಿಯ ಅಂಕಿಗಳ ಕೊರತೆ ಎನಿಸುವುದಿಲ್ಲ. ಕಾಣದ ಸಾವಿಗೆ ಯಾವ ಸರ್ಕಾರವೂ ದಾದಿಯನ್ನು ಕಳಿಸುವುದಿಲ್ಲ.

ಕಾಣದ್ದನ್ನು ಎಣಿಸಲು ಸಂಖ್ಯಾಶಾಸ್ತ್ರಜ್ಞರಾದ ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಡೆಮಿಂಗ್ 1949ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಎಣಿಕೆ ಎರಡು ಸಲ, ಬೇರೆ ಬೇರೆಯವರಿಂದ. ಪುಸ್ತಕದಲ್ಲಿ 40 ಜನನ, ಮನೆಮನೆ ವಿಚಾರಣೆಯಲ್ಲಿ 36, ಎರಡರಲ್ಲೂ ಸಿಕ್ಕವು 30 ಎನ್ನಿ. ವಿಚಾರಣೆಯಲ್ಲಿ ಸಿಕ್ಕ 36ರಲ್ಲಿ ಪುಸ್ತಕ ಹಿಡಿದದ್ದು 30, ಆರರಲ್ಲಿ ಐದು ಪಾಲು. ಹಾಗಾದರೆ ಪುಸ್ತಕದ 40 ಕೂಡ ನಿಜವಾದ ಮೊತ್ತದ ಆರರಲ್ಲಿ ಐದು ಪಾಲು, ಮೊತ್ತ 48. ಎರಡೂ ಕಡೆ ಸೇರಿ ಸಿಕ್ಕವು 46. ಉಳಿದ ಎರಡು ಯಾರ ಕಣ್ಣಿಗೂ ಬೀಳದವು! ಒಂದು ಎಣಿಕೆಯ ನೆರಳು ಇನ್ನೊಂದರ ಮೇಲೆ ಬೀಳಬಾರದು, ಅದೇ ಮುಖ್ಯ ಷರತ್ತು.

ಇದೇ ಚಂದ್ರಶೇಖರನ್ ನಮ್ಮ ನಾಡಿಗೂ ಬಂದರು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ 1951-52ರಲ್ಲಿ ಜಂಟಿಯಾಗಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ಮುಂದಾಳು ಅವರೇ. ವರದಿ 1961ರಲ್ಲಿ ಅಚ್ಚಾಯಿತು. ದೇಶದ ಮಾದರಿ ನೋಂದಣಿ ವ್ಯವಸ್ಥೆಯಲ್ಲೂ ಎರಡು ಎಣಿಕೆಯಿದೆ: ಊರಲ್ಲೇ ಇದ್ದು ಬರೆದುಕೊಳ್ಳುವವರು ಒಬ್ಬರು, ಆರು ತಿಂಗಳಿಗೊಮ್ಮೆ ಬಂದು ವಿಚಾರಿಸುವವರು ಇನ್ನೊಬ್ಬರು. ಕರ್ನಾಟಕದಲ್ಲಿ 2020ರ ಶಿಶುಮರಣ ಸಾವಿರಕ್ಕೆ 19, 2018-20ರ ತಾಯಿಮರಣ ಲಕ್ಷ ಜೀವಂತ ಜನನಕ್ಕೆ 69 ಎಂದು ಹೇಳುವುದು ಈ ವ್ಯವಸ್ಥೆಯೇ. ತಾಯಿಮರಣ ಈಗ ಅಪರೂಪವಾದ್ದರಿಂದ ಮೂರು ವರ್ಷ ಕೂಡಿಸಿ ಲೆಕ್ಕ ಹಾಕುತ್ತಾರೆ.

1969ರ ನೋಂದಣಿ ಕಾಯಿದೆಯ ನಿಯಮಗಳಂತೆ ಜನನ, ಮರಣ ಎರಡನ್ನೂ 21 ದಿನಗಳೊಳಗೆ ಬರೆಸಬೇಕು. ಹುಟ್ಟಿ ಒಂದೇ ಗಂಟೆ ಬದುಕಿದ ಕೂಸಿಗೂ ಎರಡು ನೋಂದಣಿ ಆಗಬೇಕು. ಹೆಸರು ಇನ್ನೂ ಇಟ್ಟಿಲ್ಲವೆಂದು ಬಿಡಬೇಡಿ, ಬರೆಸಿ.