ಬೆಂಕಿ ರೋಗ: ರಾಗಿಯ ಪೈರು ಮತ್ತು ಶಿಲೀಂಧ್ರದ ವಂಶವಾಹಿಗಳು

ರಾಗಿ ಮತ್ತು ಭತ್ತದ ಪೈರುಗಳಿಗೆ ತಗಲುವ ಒಂದು ವ್ಯಾಧಿಯನ್ನು ಕನ್ನಡ ನಾಡಿನ ರೈತರು ‘ಬೆಂಕಿ ರೋಗ’ವೆಂದು ಕರೆಯುತ್ತಾರೆ. ಎಲೆಗಳ ಮೇಲೆ ಕದಿರಿನಾಕಾರದ ಕಲೆಗಳು ಮೂಡುತ್ತವೆ. ಅವುಗಳ ನಡುಭಾಗ ಬೂದಿಬಣ್ಣಕ್ಕೂ ಅಂಚು ಕಂದುಬಣ್ಣಕ್ಕೂ ತಿರುಗುತ್ತದೆ. ಕಲೆಗಳು ಒಂದರೊಡನೊಂದು ಕೂಡಿದಾಗ ಪೈರು ಸುಟ್ಟಂತೆ ತೋರುತ್ತದೆ. ತೆನೆಯ ಕುತ್ತಿಗೆಗೆ ರೋಗ ತಗಲಿದರೆ ಕಾಳು ಜೊಳ್ಳಾಗುತ್ತದೆ. ಇದಕ್ಕೆ ಕಾರಣವಾದುದು ಪಿರಿಕ್ಯುಲೇರಿಯ ಒರೈಜೆ ಎಂಬ ಶಿಲೀಂಧ್ರ. ಮ್ಯಾಗ್ನಪೋರ್ತೆ ಒರೈಜೆ ಎಂಬ ಹೆಸರೂ ಇದಕ್ಕಿದೆ. ಒಂದು ತಳಿಯನ್ನು ನಾಶಮಾಡುವ ರೋಗವು ಪಕ್ಕದ ಹೊಲದ ಮತ್ತೊಂದು ತಳಿಯನ್ನು ಮುಟ್ಟದೆ ಬಿಡುವುದೇಕೆ? ಹಲವು ವರ್ಷ ರೋಗವನ್ನು ತಡೆದುಕೊಂಡ ತಳಿಯು ಅನಂತರ ಸೋಲುವುದೇಕೆ? ಈ ಪ್ರಶ್ನೆಗಳಿಗೆ ಉತ್ತರವು ಪೈರಿನಲ್ಲಿ ಮಾತ್ರವಾಗಲಿ, ಶಿಲೀಂಧ್ರದಲ್ಲಿ ಮಾತ್ರವಾಗಲಿ ದೊರೆಯುವುದಿಲ್ಲ. ಅವೆರಡರ ವಂಶವಾಹಿಗಳ ನಡುವಣ ಸಂಬಂಧದಲ್ಲಿ ಅದನ್ನು ಅರಸಬೇಕಾಗುತ್ತದೆ.

ಶಿಲೀಂಧ್ರದ ಬೀಜಾಣು ಗಾಳಿಯಲ್ಲಿ ತೇಲಿಬಂದು, ತೇವವಿರುವ ಎಲೆಯ ಮೇಲೆ ಅಂಟಿಕೊಂಡು ಮೊಳೆಯುತ್ತದೆ. ಮೊಳಕೆಯ ತುದಿಯು ಉಬ್ಬಿ, ಮೆಲನಿನ್ ಲೇಪವುಳ್ಳ ಗುಮ್ಮಟದಂತಹ ಕೋಶವಾಗುತ್ತದೆ. ಇದನ್ನು ಅಪ್ರೆಸೋರಿಯಂ ಎನ್ನುತ್ತಾರೆ. ಅದರೊಳಗೆ ಗ್ಲಿಸರಾಲ್ ಸಂಗ್ರಹವಾಗುತ್ತಿದ್ದಂತೆ ನೀರು ಒಳನುಗ್ಗಿ, ಒತ್ತಡವು ಸುಮಾರು 8 ಮೆಗಾಪ್ಯಾಸ್ಕಲ್‌ವರೆಗೆ, ಅಂದರೆ ವಾತಾವರಣದ ಒತ್ತಡದ ಸುಮಾರು 80 ಪಟ್ಟು ಏರುತ್ತದೆ. ಈ ಬಲದಿಂದ ಸೂಜಿಯಂತಹ ತಂತುವೊಂದು ಎಲೆಯ ಹೊರಪದರವನ್ನು ಸೀಳಿ ಒಳಹೊಗುತ್ತದೆ. ಪಿಎಂಕೆ1 ಎಂಬ ಒಂದೇ ವಂಶವಾಹಿಯನ್ನು ತೆಗೆದುಹಾಕಿದರೆ ಶಿಲೀಂಧ್ರವು ಈ ಕೋಶವನ್ನು ರೂಪಿಸಲಾರದು ಎಂಬುದು 1996ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. 2005ರಲ್ಲಿ ಈ ಶಿಲೀಂಧ್ರದ ಸಮಗ್ರ ವಂಶವಾಹಿ ಸಂಕಲನದ ವಿವರ ಪ್ರಕಟವಾದಾಗ, ಅದರಲ್ಲಿ ಸುಮಾರು 11,000 ವಂಶವಾಹಿಗಳಿರುವುದಾಗಿ ಅಂದಾಜಿಸಲಾಯಿತು.

ಒಳಹೊಕ್ಕ ಶಿಲೀಂಧ್ರವು ಎಫೆಕ್ಟರ್‌ಗಳೆಂಬ ಸಣ್ಣ ಪ್ರೋಟೀನುಗಳನ್ನು ಸ್ರವಿಸಿ ಸಸ್ಯದ ರಕ್ಷಣಾ ವ್ಯವಸ್ಥೆಯನ್ನು ಕುಗ್ಗಿಸಲು ಯತ್ನಿಸುತ್ತದೆ. ಆದರೆ ಇವೇ ಪ್ರೋಟೀನುಗಳು ಅದರ ಗುರುತನ್ನು ಬಿಟ್ಟುಕೊಡುವುದೂ ಉಂಟು. ಅಮೆರಿಕದ ಉತ್ತರ ಡಕೋಟದಲ್ಲಿ ಎಚ್.ಎಚ್. ಫ್ಲೋರ್ ಅವರು 1940ರ ದಶಕದಲ್ಲಿ ಅಗಸೆ ಮತ್ತು ಅದರ ತುಕ್ಕುರೋಗವನ್ನು ಅಧ್ಯಯನ ಮಾಡಿ, ಸಸ್ಯದ ಪ್ರತಿಯೊಂದು ನಿರೋಧಕ ವಂಶವಾಹಿಗೂ ಶಿಲೀಂಧ್ರದಲ್ಲಿ ಒಂದು ಪ್ರತಿವಂಶವಾಹಿ ಇರುತ್ತದೆಂಬ ಸಿದ್ಧಾಂತವನ್ನು ಮಂಡಿಸಿದರು. ಬೆಂಕಿ ರೋಗದಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನವಿದೆ. ಭತ್ತದ ಪಿಐ-ಟಿಎ ಎಂಬ ವಂಶವಾಹಿಯು ಶಿಲೀಂಧ್ರದ ಎವಿಆರ್-ಪಿಟ ಎಂಬ ವಂಶವಾಹಿಯ ಉತ್ಪನ್ನವನ್ನು ಗುರುತಿಸುತ್ತದೆ; ಗುರುತಿಸಿದೊಡನೆ ಸೋಂಕು ತಗಲಿದ ಜೀವಕೋಶವು ತಾನೇ ಸತ್ತು ರೋಗದ ಹಾದಿಯನ್ನು ಮುಚ್ಚುತ್ತದೆ. ಎವಿಆರ್-ಪಿಟ ಇರುವುದು ವರ್ಣತಂತುವಿನ ತುದಿಯ ಬಳಿ. ಅಲ್ಲಿಂದ ಅದು ಸುಲಭವಾಗಿ ಕಳಚಿಹೋಗಬಲ್ಲದು. ಅದನ್ನು ಕಳೆದುಕೊಂಡ ಶಿಲೀಂಧ್ರವನ್ನು ಪಿಐ-ಟಿಎ ಗುರುತಿಸಲಾರದು. ಒಂದೇ ತಳಿಯನ್ನು ವಿಶಾಲ ಪ್ರದೇಶದಲ್ಲಿ ಬಿತ್ತಿದಾಗ ಇಂತಹ ಶಿಲೀಂಧ್ರವೇ ಉಳಿದು ವೃದ್ಧಿಸುತ್ತದೆ. ತಳಿಯು ‘ಸೋಲು’ವುದೆಂದರೆ ಇದೇ.

16ನೆಯ ಶತಮಾನದ ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಭತ್ತ ಮತ್ತು ರಾಗಿ ಹಿರಿಮೆಗಾಗಿ ವಾದಿಸುತ್ತವೆ. ಶಿಲೀಂಧ್ರವೂ ಈ ಎರಡು ಧಾನ್ಯಗಳನ್ನು ಬೇರೆಬೇರೆಯಾಗಿಯೇ ಕಾಣುತ್ತದೆ; ರಾಗಿಗೆ ತಗಲುವ ಕವಲು ಸಾಮಾನ್ಯವಾಗಿ ಭತ್ತಕ್ಕೆ ತಗಲುವುದಿಲ್ಲ. ಆತಿಥೇಯ ಸಸ್ಯಗಳ ಈ ಗಡಿಯನ್ನು ಕಾಯುವುದರಲ್ಲಿಯೂ ವಂಶವಾಹಿಗಳ ಪಾತ್ರವಿದೆ. ಆದರೆ ಗಡಿ ಶಾಶ್ವತವಲ್ಲ. 1985ರಲ್ಲಿ ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಈ ರೋಗವು ಗೋಧಿಯ ಮೇಲೆ ಕಾಣಿಸಿಕೊಂಡಿತು. ಶಿಲೀಂಧ್ರದ ಪಿಡಬ್ಲ್ಯುಟಿ3 ಎಂಬ ವಂಶವಾಹಿಯನ್ನು ಗುರುತಿಸಬಲ್ಲ ಆರ್‌ಡಬ್ಲ್ಯುಟಿ3 ಇಲ್ಲದ ಗೋಧಿ ತಳಿಗಳನ್ನು ಅಲ್ಲಿ ವ್ಯಾಪಕವಾಗಿ ಬೆಳೆದುದೇ ಈ ಜಿಗಿತಕ್ಕೆ ಮೆಟ್ಟಿಲಾಯಿತೆಂದು 2017ರ ಅಧ್ಯಯನವೊಂದು ತೋರಿಸಿತು. 2016ರಲ್ಲಿ ಗೋಧಿಯ ಈ ರೋಗವು ಬಾಂಗ್ಲಾದೇಶವನ್ನು ತಲುಪಿ ಸುಮಾರು 15,000 ಹೆಕ್ಟೇರಿನ ಬೆಳೆಯನ್ನು ಬಾಧಿಸಿತು.

ಈ ಹಿನ್ನೆಲೆಯಲ್ಲಿ ಹಸಿರುಕಂಬಿ, ಗಿಡ್ಡರಾಗಿ, ಗುಟ್ಟೆ ರಾಗಿ, ರುದ್ರಜಡೆ ಮುಂತಾದ ನಾಟಿ ತಳಿಗಳ ಹೆಸರುಗಳು ಕೇವಲ ಪದಸಂಪತ್ತಲ್ಲ. ನಾಟಿ ತಳಿಗಳೆಲ್ಲವೂ ರೋಗವನ್ನು ತಡೆಯುತ್ತವೆಂದಲ್ಲ. ಅವುಗಳಲ್ಲಿನ ವೈವಿಧ್ಯವೇ ಮುಖ್ಯ. ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದುದೂ, 1990ರ ದಶಕದಲ್ಲಿ ಬಿಡುಗಡೆಯಾದ ಬೆಂಕಿ ರೋಗ ನಿರೋಧಕ ಜಿಪಿಯು-28 ತಳಿಯು ಇಂಡಾಫ್ ಮೂಲದಿಂದ ಬಂದುದೂ ಇಂತಹ ವೈವಿಧ್ಯದಿಂದಲೇ ಸಾಧ್ಯವಾಯಿತು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ರೋಗಕ್ಕೆ ಬಲಿಯಾಗುವ ಭತ್ತದ ತಳಿಗಳನ್ನು ನಿರೋಧಕ ತಳಿಗಳೊಡನೆ ಬೆರೆಸಿ ಬೆಳೆದಾಗ, ಬರಿಯ ಒಂದೇ ತಳಿಯಾಗಿ ಬೆಳೆದುದಕ್ಕಿಂತ ರೋಗದ ತೀವ್ರತೆ ಶೇ. 94ರಷ್ಟು ತಗ್ಗಿ, ಇಳುವರಿ ಶೇ. 89ರಷ್ಟು ಹೆಚ್ಚಿದುದು 2000ದಲ್ಲಿ ವರದಿಯಾಯಿತು. ರಾಗಿ ಹೊಲದ ಅಕ್ಕಡಿ ಸಾಲುಗಳು ಬೇರೆ ಧಾನ್ಯಗಳವಾದುದರಿಂದ ಈ ಫಲಿತಾಂಶವನ್ನು ಅವುಗಳಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಹೊಲವನ್ನು ಒಂದೇ ಬೆಳೆಗೆ ಒಪ್ಪಿಸದಿರುವ ವಿವೇಕ ಎರಡರಲ್ಲಿಯೂ ಇದೆ.

ಶೀತಾಗಾರದ ಬೀಜಕೋಶದಲ್ಲಿ ತಳಿಯು ಉಳಿಯುತ್ತದೆ. ಆದರೆ ಅಲ್ಲಿ ಅದು ಬದಲಾಗುತ್ತಿರುವ ಶಿಲೀಂಧ್ರವನ್ನು ಎದುರಿಸುವುದಿಲ್ಲ. ಪ್ರತಿ ವರ್ಷ ರೋಗವಿಲ್ಲದ ತೆನೆಯನ್ನು ಆರಿಸಿ ಬಿತ್ತನೆಗೆ ಎತ್ತಿಡುವ ರೈತಕುಟುಂಬದ ಹೊಲದಲ್ಲಿ ಮಾತ್ರ ಈ ಎರಡು ಜೀವಿಗಳ ಮುಖಾಮುಖಿ ಮುಂದುವರಿಯುತ್ತದೆ. ಆದ್ದರಿಂದ ಜಾನಪದ ಕ್ಷೇತ್ರಕಾರ್ಯದಲ್ಲಿ ತಳಿಯ ಹೆಸರಿನೊಡನೆ ಅದರ ಬೀಜವನ್ನೂ, ಬೆಳೆದ ನೆಲವನ್ನೂ, ತೆನೆಯನ್ನು ಆರಿಸುವ ಕ್ರಮವನ್ನೂ ದಾಖಲಿಸುವುದು ಅಗತ್ಯ. ಬೀಜವಿಲ್ಲದ ಹೆಸರು ನಿಘಂಟಿಗೆ ಸೇರುತ್ತದೆಯೇ ಹೊರತು ಹೊಲಕ್ಕೆ ಮರಳುವುದಿಲ್ಲ.