ವೈದ್ಯನಾಗುವ ದಾರಿ

ದೊಡ್ಡ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಬೆಳಗಿನ ಹೊತ್ತು ರೋಗಿಯ ಮಂಚದ ಸುತ್ತಲೂ ಬಿಳಿಯ ಕೋಟು ಧರಿಸಿದ ಏಳೆಂಟು ಮಂದಿ ನೆರೆದಿರುವುದುಂಟು. ರೋಗಿಯ ಬಂಧುಗಳ ಕಣ್ಣಿಗೆ ಅವರೆಲ್ಲರೂ ಡಾಕ್ಟರುಗಳೇ. ಆದರೆ ಅವರಲ್ಲಿ ಒಬ್ಬನು ಇನ್ನೂ ವಿದ್ಯಾರ್ಥಿ. ಮತ್ತೊಬ್ಬಳು ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ಮರಣ ಪ್ರಮಾಣಪತ್ರಕ್ಕೆ ಸ್ವತಂತ್ರವಾಗಿ ಸಹಿ ಹಾಕುವ ಅಧಿಕಾರವನ್ನು ಪಡೆದಿಲ್ಲ. ನಡುವೆ ನಿಂತಿರುವವರು ಇಡೀ ಘಟಕದ ಮುಖ್ಯಸ್ಥರು.

ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಇಂದು ಇಂತಹ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷಗಳದ್ದು. ವಿದ್ಯಾರ್ಥಿಯು ಮೊದಲು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಅಭ್ಯಸಿಸುತ್ತಾನೆ. ಪುಸ್ತಕದ ಚಿತ್ರದಲ್ಲಿ ಕೆಂಪು, ನೀಲಿ ಗೆರೆಗಳಾಗಿ ಕಂಡ ರಕ್ತನಾಳಗಳನ್ನು ಶವಚ್ಛೇದನದ ಮೇಜಿನ ಮೇಲೆ ತಾನೇ ಬಿಡಿಸಿ ನೋಡುತ್ತಾನೆ. ತರುವಾಯ ರೋಗಶಾಸ್ತ್ರ, ಔಷಧಶಾಸ್ತ್ರ. ಬಳಿಕ ರೋಗಿಗಳ ಬಳಿಯೇ ಹೆಚ್ಚಿನ ಪಾಠ.

ಪರೀಕ್ಷೆ ಮುಗಿದರೂ ಪದವಿ ಕೂಡಲೇ ಕೈಸೇರದು. ಒಂದು ವರ್ಷ ಕಾಲ ವೈದ್ಯಕೀಯ, ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವಿಭಾಗ ಮುಂತಾದೆಡೆ ಸರದಿಯಂತೆ ದುಡಿಯಬೇಕು. ಇವರನ್ನು ಹಿಂದಿನಿಂದಲೂ ಹೌಸ್ ಸರ್ಜನ್ ಎಂದು ಕರೆಯುವ ರೂಢಿಯಿದೆ. ರಕ್ತ ತೆಗೆಯುವುದು, ಗಾಯ ಕಟ್ಟುವುದು, ರೋಗಿಯ ಕಥನವನ್ನು ಬರೆದಿಡುವುದು ಇವರ ಪಾಲಿನ ಕೆಲಸ. ಕೆಲಸವು ಸಣ್ಣದೆಂದು ತೋರಿದರೂ, ರೋಗಿಯು ಮನಬಿಚ್ಚಿ ಮಾತನಾಡುವುದು ಅನೇಕ ವೇಳೆ ಇವರೊಡನೆಯೇ.

ಮುಂದೆ ಎಂ.ಡಿ. ಅಥವಾ ಎಂ.ಎಸ್. ಪದವಿಗೆ ಮೂರು ವರ್ಷ. ಹೃದಯ, ನರಮಂಡಲಗಳಂತಹ ವಿಶೇಷ ಶಾಖೆಗಳಿಗೆ ಮತ್ತೆ ಮೂರು ವರ್ಷ. ಹದಿನೆಂಟರಲ್ಲಿ ಕಾಲೇಜನ್ನು ಸೇರಿದವನು ಇಷ್ಟನ್ನೂ ಮುಗಿಸುವಾಗ ಮೂವತ್ತರ ಸಮೀಪಕ್ಕೆ ಬಂದಿರುತ್ತಾನೆ. ಸ್ನಾತಕೋತ್ತರ ತರಬೇತಿಯಲ್ಲಿರುವವರಿಗೆ ರೆಸಿಡೆಂಟ್, ಎಂದರೆ ನಿವಾಸಿ, ಎಂಬ ಹೆಸರು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮತ್ತು ವಿಲಿಯಂ ಹಾಲ್‌ಸ್ಟೆಡ್ ಈ ಪದ್ಧತಿಗೆ ಕ್ರಮಬದ್ಧ ರೂಪವನ್ನು ಕೊಟ್ಟರು. ತರಬೇತಿಯ ವೈದ್ಯರು ಅಕ್ಷರಶಃ ಆಸ್ಪತ್ರೆಯಲ್ಲಿಯೇ ವಾಸವಾಗಿದ್ದರು.

ಈ ಶ್ರೇಣಿಯ ನಿಜವಾದ ಪರೀಕ್ಷೆ ರಾತ್ರಿಯಲ್ಲಿ. ಪ್ರಾಧ್ಯಾಪಕರು ಮನೆಗೆ ತೆರಳಿರುತ್ತಾರೆ. ವಾರ್ಡಿನಲ್ಲಿ ಉಳಿದವರು ಕಿರಿಯರು. ರೋಗಿಯ ಉಸಿರಾಟವು ಏರುಪೇರಾದಾಗ ಹೌಸ್ ಸರ್ಜನ್ ರೆಸಿಡೆಂಟನಿಗೂ, ಅವನು ಹಿರಿಯರಿಗೂ ತಿಳಿಸಬೇಕು. ತನಗೆ ತಿಳಿಯದೆಂದು ಹೇಳಲು ಸಂಕೋಚಪಟ್ಟರೆ, ಅಥವಾ ನಿದ್ದೆಗೆಟ್ಟ ಕಣ್ಣಿಗೆ ಅಪಾಯದ ಚಿಹ್ನೆ ಕಾಣದೆ ಹೋದರೆ, ಬೆಲೆ ತೆರುವವನು ರೋಗಿ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷದ ತರುಣಿಯೊಬ್ಬಳು ದಾಖಲಾದ ಕೆಲವೇ ಗಂಟೆಗಳಲ್ಲಿ ಮೃತಳಾದಳು. ಕಿರಿಯ ವೈದ್ಯರ ದೀರ್ಘ ದುಡಿಮೆ, ಹಿರಿಯರ ಗೈರುಹಾಜರಿ ಎರಡೂ ಚರ್ಚೆಗೆ ಬಂದವು. 1989ರಲ್ಲಿ ಆ ರಾಜ್ಯವು ಅವರ ಕೆಲಸವನ್ನು ವಾರಕ್ಕೆ 80 ಗಂಟೆಗಳಿಗೆ ಮಿತಿಗೊಳಿಸಿ, ಹಿರಿಯರ ಮೇಲ್ವಿಚಾರಣೆಯನ್ನು ಬಿಗಿಗೊಳಿಸಿತು. ಭಾರತದಲ್ಲಿಯೂ 1992ರ ಕೇಂದ್ರ ಸರ್ಕಾರದ ನಿರ್ದೇಶನವು ರೆಸಿಡೆಂಟರ ಸತತ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಸೂಚಿಸಿತು. ರೋಗಿಗಳು ಕಿಕ್ಕಿರಿದ ವಾರ್ಡುಗಳಲ್ಲಿ ಗಡಿಯಾರವು ಈ ಮಾತನ್ನು ಯಾವಾಗಲೂ ಕೇಳುವುದಿಲ್ಲ.