ಬೈಲಕುಪ್ಪೆಯಲ್ಲಿ ಎರಡು ಸಲ ಬರೆದ ಪುಟ

ಓಖ್ಲಾದ ನಮ್ಮ ಕನ್ನಡ ಮನೆಗಳವರಿಗೆ ಟಿಬೆಟನ್ನರ ಪರಿಚಯವಾಗುವುದು ಎರಡು ಕಡೆ. ಒಂದು, ಇದೇ ಯಮುನೆಯ ದಡದಲ್ಲಿ ಮೇಲಕ್ಕೆ ಹೋದರೆ ಸಿಗುವ ಮಜ್ನೂ ಕಾ ಟೀಲಾದಲ್ಲಿ. ಇನ್ನೊಂದು, ರಜೆಗೆ ಊರಿಗೆ ಹೋದಾಗ, ಮಡಿಕೇರಿಯ ದಾರಿಯಲ್ಲಿ ಕುಶಾಲನಗರಕ್ಕೆ ಮೊದಲೇ ಸಿಗುವ ಬೈಲಕುಪ್ಪೆಯಲ್ಲಿ. ಅಲ್ಲಿ ಚಿನ್ನದ ಬಣ್ಣದ ಬುದ್ಧನನ್ನು ನೋಡಿ, ಮಕ್ಕಳಿಗೆ ಮೊಮೊ ಕೊಡಿಸಿ, ಬಸ್ಸು ಹತ್ತಿಬಿಡುತ್ತೇವೆ. ಅದೇ ಊರಿನ ಮಠದಲ್ಲಿ ಒಂದು ನಾಡಿನ ಗ್ರಂಥಗಳನ್ನು ಅಕ್ಷರ ಅಕ್ಷರವಾಗಿ ಕಂಪ್ಯೂಟರಿಗೆ ಇಳಿಸಿದ ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು.

ದಲಾಯಿ ಲಾಮಾ ಭಾರತಕ್ಕೆ ಬಂದದ್ದು 1959ರಲ್ಲಿ. ಮರುವರ್ಷ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಟಿಬೆಟಿನಿಂದ ಬಂದವರ ಗಂಟುಗಳಲ್ಲಿ ಬಟ್ಟೆ ಸುತ್ತಿದ ಪುಸ್ತಕಗಳೂ ಇದ್ದುವು. ನಮ್ಮ ಓಲೆಗರಿಯಂತೆಯೇ ಉದ್ದುದ್ದನೆಯ ಬಿಡಿ ಹಾಳೆಗಳು. ಅವರು ಅದನ್ನು 'ಪೇಚಾ' ಎನ್ನುತ್ತಾರೆ.

ಈ ಪುಸ್ತಕಗಳ ಕಥೆಯಲ್ಲಿ ನಮ್ಮ ದೆಹಲಿಗೂ ಪಾತ್ರವುಂಟು. ಪಿ.ಎಲ್. 480 ಗೋಧಿ ಹಿರಿಯರಿಗೆ ನೆನಪಿರಬೇಕು. ಆ ಧಾನ್ಯಕ್ಕಾಗಿ ಭಾರತ ರೂಪಾಯಿಯಲ್ಲಿ ಕೊಟ್ಟ ಹಣದ ಒಂದಂಶದಿಂದ ಇಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸುವ ಏರ್ಪಾಟಿತ್ತು. 1968ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿಗೆ ಸೇರಿದ ಜೀನ್ ಸ್ಮಿತ್ ಎಂಬವರು ಟಿಬೆಟನ್ನರು ಮರುಮುದ್ರಿಸಿದ ಹೊತ್ತಗೆಗಳನ್ನು ಈ ಮಾರ್ಗದಲ್ಲಿ ಉಳಿಸಿದರು. ಹೊಟ್ಟೆಗೆ ಬಂದ ಗೋಧಿ ಪುಸ್ತಕಕ್ಕೂ ಆಸರೆಯಾಯಿತೆಂದರೆ ವಿಚಿತ್ರವಲ್ಲವೆ? 1999ರಲ್ಲಿ ಅವರು ಅಮೆರಿಕದಲ್ಲಿ ಒಂದು ಗ್ರಂಥಕೇಂದ್ರವನ್ನು ಆರಂಭಿಸಿದರು. ಅದರ ಈಗಿನ ಹೆಸರು ಬುದ್ಧಿಸ್ಟ್ ಡಿಜಿಟಲ್ ರಿಸೋರ್ಸ್ ಸೆಂಟರ್. ಕೋಟಿಗೂ ಮಿಕ್ಕ ಪುಟಗಳ ಚಿತ್ರಗಳು ಅಲ್ಲಿವೆ. ಸ್ಮಿತ್ 2010ರಲ್ಲಿ ತೀರಿಕೊಂಡರು.

ಆದರೆ ಪುಟದ ಚಿತ್ರವಿದ್ದ ಮಾತ್ರಕ್ಕೆ ಅದರೊಳಗಿನ ಒಂದು ಮಾತನ್ನು ಹುಡುಕಿ ತೆಗೆಯಲಾಗುವುದಿಲ್ಲ. ಅದಕ್ಕೆ ಅಕ್ಷರಗಳನ್ನೇ ಕಂಪ್ಯೂಟರಿಗೆ ಊಡಬೇಕು. ಏಷಿಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್ ಎಂಬ ಸಂಸ್ಥೆಯವರು 1980ರ ದಶಕದ ಕೊನೆಯಲ್ಲಿ ಈ ಕೆಲಸವನ್ನು ಬೈಲಕುಪ್ಪೆಯ ಸೆರಾ ಮೇ ಮಠದಲ್ಲಿ ಹೂಡಿದರು. ಆಗ ಟಿಬೆಟನ್ ಅಕ್ಷರಗಳನ್ನು ಬರೆಯಲು ಅನುಕೂಲವಿರಲಿಲ್ಲವಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಿದರು. ಒಂದೇ ಗ್ರಂಥವನ್ನು ಇಬ್ಬರು ಬೇರೆ ಬೇರೆಯಾಗಿ ಬರೆಯುವುದು, ಎರಡನ್ನೂ ಕಂಪ್ಯೂಟರಿನಿಂದ ಹೋಲಿಸುವುದು, ವ್ಯತ್ಯಾಸ ಕಂಡಲ್ಲಿ ಮೂಲವನ್ನು ನೋಡಿ ತಿದ್ದುವುದು, ಇದು ಅವರ ಕ್ರಮ. ಇಬ್ಬರೂ ಒಂದೇ ಕಡೆ ಒಂದೇ ತಪ್ಪು ಮಾಡುವುದು ಅಪರೂಪ ತಾನೆ! ಮರದಚ್ಚಿನಲ್ಲೇ ತಪ್ಪಿದ್ದರೆ ಮಾತ್ರ ಇಬ್ಬರೂ ಅದನ್ನೇ ಬರೆಯುತ್ತಾರೆ. ಅಲ್ಲಿ ಯಂತ್ರ ಸುಮ್ಮನಿರುತ್ತದೆ. ಅರ್ಥ ಬಲ್ಲ ಪಂಡಿತನೇ ಬರಬೇಕು.

ಪಂಡಿತನಿಗೂ ತೊಡಕು ಕಡಮೆಯಲ್ಲ. ಟಿಬೆಟನ್ ಲಿಪಿ ನಮ್ಮದರಂತೆಯೇ ಬ್ರಾಹ್ಮಿಯ ಸಂತತಿ. ನಮ್ಮ ಒತ್ತಕ್ಷರಗಳಂತೆ ಅಕ್ಷರದ ಕೆಳಗೆ ಅಕ್ಷರ ಕೂಡುತ್ತದೆ. ಉಚ್ಚಾರಾಂಶಗಳ ನಡುವೆ ಚುಕ್ಕೆಯುಂಟು, ಪದಗಳ ನಡುವೆ ಬಿಡುವಿಲ್ಲ. ಬರೆಹವೊಂದು, ಓದುವುದೊಂದು. 'ಎಂಟು' ಎನ್ನುವುದಕ್ಕೆ ಬ, ರ, ಗ, ಯ, ದ ಎಲ್ಲವನ್ನೂ ಕೂಡಿಸಿ ಬರೆದು 'ಗ್ಯೆ' ಎಂದಷ್ಟೇ ಓದುತ್ತಾರೆ! ವರ್ಜೀನಿಯಾ ವಿಶ್ವವಿದ್ಯಾಲಯದವರು 2000ದಲ್ಲಿ ತೊಡಗಿದ ಟಿಬೆಟನ್ ಅಂಡ್ ಹಿಮಾಲಯನ್ ಲೈಬ್ರರಿ ಇದಕ್ಕೆಂದೇ ಅಂತರಜಾಲದಲ್ಲಿ ಸಲಕರಣೆಗಳನ್ನು ಒದಗಿಸಿತು. ಒಂದು, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ್ದನ್ನು ಟಿಬೆಟನ್ ಲಿಪಿಗೆ ತಿರುಗಿಸುತ್ತದೆ, ನಾವು ಫೋನಿನಲ್ಲಿ ಕನ್ನಡ ಬರೆಯುವ ಹಾಗೆ. ಒಂದು ಉಚ್ಚಾರಣೆ ಹೇಳುತ್ತದೆ. ಮತ್ತೊಂದು ಸಾಲನ್ನು ಪದಗಳಾಗಿ ಬಿಡಿಸಿ ನಿಘಂಟಿನ ಅರ್ಥವನ್ನು ಮುಂದಿಡುತ್ತದೆ.

ಸ್ಮಿತ್ ಅವರ ಗ್ರಂಥಕೇಂದ್ರದಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಅಲ್ಲಿನ ಗುರುತಿನ ಸಂಖ್ಯೆ. ವ್ಯಕ್ತಿಗೊಂದು, ಗ್ರಂಥಕ್ಕೊಂದು, ಊರಿಗೊಂದು. ಲೋಸಾಂಗ್ ಎಂಬ ಹೆಸರಿನ ಭಿಕ್ಷುಗಳಿಗೆ ಲೆಕ್ಕವುಂಟೆ? ನಮ್ಮಲ್ಲೂ ಹಾಗೆಯೇ. 'ಛಂದೋಂಬುಧಿ'ಯ ನಾಗವರ್ಮ ಬೇರೆ, 'ಕಾವ್ಯಾವಲೋಕನ'ದ ನಾಗವರ್ಮ ಬೇರೆ. ಸಂಖ್ಯೆಯಿದ್ದರೆ ಒಬ್ಬನ ಗ್ರಂಥ ಇನ್ನೊಬ್ಬನ ಲೆಕ್ಕಕ್ಕೆ ಸೇರದು.

ಇಷ್ಟನ್ನು ಹೇಳಲು ಕಾರಣವಿದೆ. ಬೈಲಕುಪ್ಪೆಯ ಇಬ್ಬರ ಕ್ರಮ ಕನ್ನಡಕ್ಕೂ ಬಂದಿದೆ. ಅಂತರಜಾಲದ ಕನ್ನಡ ವಿಕಿಸೋರ್ಸಿನಲ್ಲಿ ಹಳೆಯ ಪುಸ್ತಕದ ಪುಟದ ಚಿತ್ರ ಒಂದು ಪಕ್ಕ, ಬರೆಹ ಇನ್ನೊಂದು ಪಕ್ಕ. ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದರೆ ಹಳದಿ. ಬೇರೊಬ್ಬರು ನೋಡಿ ಒಪ್ಪಿದ ಮೇಲೆಯೇ ಹಸುರು. ಕೆಲಸ ಉಚಿತ, ಊರು ಯಾವುದಾದರೂ ಸರಿ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವಾಡುತ್ತಾರೆ, ಓದು ಹಿಂದಿ ಇಂಗ್ಲಿಷಿನಲ್ಲಿ. ಅಜ್ಜಿಗೆ ಹಳೆಯ ಅಚ್ಚು ಸಲೀಸು, ಕೀಲಿಗಳು ಒಗ್ಗವು. ಭಾನುವಾರ ಮಧ್ಯಾಹ್ನ ಅಜ್ಜಿ ಓದಿ ಹೇಳಲಿ, ಮೊಮ್ಮಗಳು ಒತ್ತಲಿ. ಒಂದು ಪುಟ ಹಳದಿಯಾಗುತ್ತದೆ. ಅದನ್ನು ಹಸುರು ಮಾಡಲು ಇನ್ನೊಂದು ಕನ್ನಡ ಮನೆ ಬೇಕು.